ಕತ್ತಿಯ ಮದುವೆಗೆ ನಾನು ಬರೆದ ಇಂಗ್ರೇಜಿ ಅರ್ಜಿ

ಮದುವೆಗೆ ಹೊರಟಿದ್ದ ಒಂದು ಕತ್ತಿಯನ್ನು ದಯಮಾಡಿ ಬಿಟ್ಟುಕೊಡಿರಿ ಎಂದು ಬರೆಯಬೇಕಾಗಿದ್ದ ಅರ್ಜಿಯಲ್ಲಿ, ನಾವೆಲ್ಲ ಕತ್ತಿ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತೇವೆ ಎಂದು ಸಾಹೇಬರಿಗೆ ಬರೆದುಕೊಟ್ಟವನು ನಾನೇ. ಸುತ್ತಿ ಬಳಸಿ ಹೇಳಿ ಏನೂ ಉಪಯೋಗವಿಲ್ಲ. ರೋಣದಲ್ಲಿ ಈ ಸಂಗತಿ ಗೊತ್ತಿಲ್ಲದವರು ಇಬ್ಬರೇ ಇದ್ದರು. ಒಬ್ಬರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಇನ್ನೊಬ್ಬರು ಆ ವಾರ ಊರಲ್ಲಿರಲಿಲ್ಲ. ಊರಲ್ಲಿರದವರಿಗೆ ಗಾಡಿ ಇಳಿಯುವ ಮೊದಲೇ ಹೇಳಲಾಯಿತು. ಕಿವುಡರಿಗೆ ಕೈಸನ್ನೆಯಲ್ಲಿ ತಿಳಿಸಿದರಂತೆ. ನನ್ನ ಮೂಗನ್ನು ತೋರಿಸುವ ಸನ್ನೆ ಅದರಲ್ಲಿ ಮುಖ್ಯವಾಗಿತ್ತೆಂದು ಕೇಳಿದ್ದೇನೆ.

ಆಗ ನನಗೆ ಇಪ್ಪತ್ತೊಂದು ವರ್ಷ. ಈಗ ಇಪ್ಪತ್ತಮೂರು, ಬುದ್ಧಿಯ ಲೆಕ್ಕದಲ್ಲಿ ಇನ್ನೂ ಹಿಂದೆಯೇ ಇದ್ದೇನೆ. ಧಾರವಾಡದಲ್ಲಿ ಹದಿನಾಲ್ಕು ತಿಂಗಳು ಇಂಗ್ರೇಜಿ ಕಲಿತೆ. ಹದಿನೈದನೆಯ ತಿಂಗಳು ಮಾಸ್ತರರು ನನಗೆ ಕೈಮುಗಿದು, "ಇನ್ನು ನಿಮಗೆ ಕಲಿಸುವಂಥದ್ದು ನನ್ನಲ್ಲಿ ಏನೂ ಇಲ್ಲ" ಎಂದು ಹೇಳಿ ಊರಿಗೆ ಕಳಿಸಿದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದು, ದಾರಿಯುದ್ದಕ್ಕೂ ಗಾಡಿಯವನಿಗೆ ಹೇಳುತ್ತ ಬಂದೆ. ಬಂದವನು ರೋಣದ ಕಚೇರಿಯ ಎದುರು ಬೇವಿನ ಮರದ ಕೆಳಗೆ ಚಾಪೆ ಹಾಸಿ, ದವುತಿ, ಲೆಕ್ಕಣಿಕೆ ಇಟ್ಟುಕೊಂಡು ಅರ್ಜಿ ಬರೆಯಲು ಕುಳಿತೆ. ಊರಿನಲ್ಲಿ ಇಂಗ್ರೇಜಿ ಬಲ್ಲವನು ನಾನೊಬ್ಬನೇ. ಹಾಗಾಗಿ ನನ್ನ ತಪ್ಪು ಹಿಡಿಯುವವರೂ ಯಾರೂ ಇರಲಿಲ್ಲ. ಪಂಡಿತನಾಗುವುದಕ್ಕೆ ಇಂಥ ಊರಿಗಿಂತ ಚಲೋ ಊರು ಸಿಗುವುದಿಲ್ಲ.

ಧಾರವಾಡದಿಂದ ನಾನು ತಂದದ್ದು ಎರಡೇ ವಸ್ತು: ಕಡ್ಡಿ ಮುರಿದ ಒಂದು ಛತ್ರಿ ಮತ್ತು ಒಂದು ಮಾತು. ಆ ಮಾತು ಇದು: "ಇಫ್ ದ ವರ್ಸ್ಟ್ ಕಮ್ಸ್ ಟು ದ ವರ್ಸ್ಟ್." ಕೆಟ್ಟದ್ದರಲ್ಲಿ ಕೆಟ್ಟದ್ದೇ ಬಂದೊದಗಿದರೆ ಎಂದು ಅರ್ಥ. ಮಾಸ್ತರರು ಅದನ್ನು ಹಲಗೆಯ ಮೇಲೆ ಬರೆದು, ಎಲ್ಲಿ ಬಳಸಬೇಕು, ಅದರ ಹಿಂದೆ ಏನಿರಬೇಕು, ಮುಂದೆ ಏನು ಬರಬೇಕು ಎಂದು ಅರ್ಧ ತಾಸು ವಿವರಿಸಿದ್ದರು. ಮಾತನ್ನು ನಾನು ಬಾಯಿಪಾಠ ಮಾಡಿದೆ. ವಿವರಣೆಯ ಹೊತ್ತಿಗೆ ಕಿಡಿಕಿಯ ಹೊರಗೆ ಎರಡು ಹೋರಿ ಗುದ್ದಾಡುತ್ತಿದ್ದವು. ಕರಿ ಹೋರಿ ಗೆದ್ದಿತು ಎಂಬುದು ನನಗೆ ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ.

ತಲೆಗೆ ಹೊಸ ಪಟಕಾ ಸುತ್ತಿಕೊಂಡವನು ಸಂತೆಯಲ್ಲಿ ಕೆಲಸವಿಲ್ಲದಿದ್ದರೂ ತಿರುಗುವ ಹಾಗೆ, ನಾನು ಆ ಮಾತನ್ನು ಎಲ್ಲ ಅರ್ಜಿಗಳಲ್ಲೂ ತಿರುಗಾಡಿಸಿದೆ. ಅಬ್ಬಿಗೇರಿಯ ರೈತನೊಬ್ಬ ಎತ್ತು ಕಳೆದುಕೊಂಡು ಬಂದಾಗ, "ಕೆಟ್ಟದ್ದರಲ್ಲಿ ಕೆಟ್ಟದ್ದು ಬಂದರೆ, ಎತ್ತಿನ ಬಣ್ಣ ಬಿಳಿ" ಎಂದು ಬರೆದುಕೊಟ್ಟೆ. ಹೊಳೆಮಣ್ಣೂರಿನವರು ಹೊಳೆ ದಾಟಲು ದೋಣಿ ಬೇಕೆಂದಾಗ, "ಕೆಟ್ಟದ್ದರಲ್ಲಿ ಕೆಟ್ಟದ್ದು ಬಂದರೆ, ತಮಗೆ ನೂರು ವರ್ಷ ಆಯುಷ್ಯ ಆಗಲಿ" ಎಂದು ಮುಗಿಸಿದೆ. ಯಾವುದಕ್ಕೂ ಉತ್ತರ ಬರಲಿಲ್ಲ. ನನ್ನ ಭಾಷೆಯ ಮುಂದೆ ಸರಕಾರಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡು ಸಮಾಧಾನಪಟ್ಟೆ.

ಅದು ಉತ್ತರದ ಸೀಮೆಯಲ್ಲಿ ದಂಡಿನವರು ತಿರುಗಿಬಿದ್ದ ಗದ್ದಲದ ಮರುವರ್ಷ. ಸರಕಾರಕ್ಕೆ ಎಲ್ಲರ ಮನೆಯ ಕಬ್ಬಿಣವನ್ನು ಕಂಡರೂ ಹೆದರಿಕೆ. ಇದ್ದಬದ್ದ ಆಯುಧಗಳನ್ನೆಲ್ಲ ಕಚೇರಿಗೆ ತಂದು ಒಪ್ಪಿಸಬೇಕೆಂದು ಡಂಗುರ ಸಾರಿದ್ದರು. ಕಚೇರಿಯ ಪಡಸಾಲೆಯಲ್ಲಿ ಕತ್ತಿ, ಭರ್ಚಿ, ಬಂದೂಕುಗಳ ರಾಶಿ ಬಿದ್ದಿತ್ತು. ಅರ್ಧಕ್ಕರ್ಧ ತುಕ್ಕು ತಿಂದು, ಹಿಡಿದವನಿಗೇ ಗಾಯ ಮಾಡುವಂಥವು. ಮುದುಕಿಯೊಬ್ಬಳು ಕುಂಬಳಕಾಯಿ ಹೆಚ್ಚುವ ಈಳಿಗೆಯನ್ನೂ ತಂದಿಟ್ಟು, ಹಬ್ಬಕ್ಕೆ ತಿರುಗಿ ಕೊಡುತ್ತೀರೋ ಇಲ್ಲವೋ ಎಂದು ಜಗಳ ತೆಗೆದಿದ್ದಳು. ಈ ರಾಶಿಗೆ ಒಡೆಯರೆಂದರೆ ಕಚೇರಿಯ ಮುದಿ ಕಾರಕೂನರು. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ಪ್ರತಿ ಆಯುಧಕ್ಕೂ ಒಂದು ಚೀಟಿ ಕಟ್ಟಿ ಪಟ್ಟಿಗೆ ಏರಿಸುವುದು ಅವರ ಕೆಲಸ. ಪಟ್ಟಿಗೆ ಏರಿದ್ದು ಮತ್ತೆ ಮನೆಗೆ ಹೋಗುತ್ತಿರಲಿಲ್ಲ.

ವೈಶಾಖದ ಒಂದು ಮಂಗಳವಾರ ಮುಂಜಾನೆ ಗಜೇಂದ್ರಗಡದ ಕಡೆಯಿಂದ ನಾಲ್ಕು ಗಾಡಿಗಳ ನಿಬ್ಬಣ ಬಂತು. ಮುಂದಿನ ಗಾಡಿಯಲ್ಲಿ ಗಾದಿ ಹಾಸಿ, ಲೋಡಿಗೆ ಆನಿಸಿ ಮದುಮಗನನ್ನು ಕೂಡ್ರಿಸಿದ್ದರು. ಮದುಮಗ ಎಂದರೆ ಒಂದು ಕತ್ತಿ. ಹಿಡಿಗೆ ಜರಿ ಪಟಕಾ ಸುತ್ತಿ, ಬಾಸಿಂಗ ಕಟ್ಟಿ, ಒರೆಗೆ ಅರಿಷಿಣ ಹಚ್ಚಿದ್ದರು. ಅಲ್ಲಿಯ ಹಳೆಯ ಸವಾರರ ಮನೆತನಗಳಲ್ಲಿ ಇದು ನಡೆದುಬಂದ ರೀತಿ. ಮಗ ದಂಡಿನಲ್ಲಿದ್ದು ಮುಹೂರ್ತಕ್ಕೆ ಬರಲಾಗದಿದ್ದರೆ ಮನೆತನದ ಕತ್ತಿಯನ್ನು ಹೆಣ್ಣಿನ ಮನೆಗೆ ಕಳಿಸುತ್ತಾರೆ. ಅದರ ಪಕ್ಕ ಹೆಣ್ಣನ್ನು ಕೂಡ್ರಿಸಿ ಅಕ್ಷತೆ ಹಾಕುತ್ತಾರೆ. ಕತ್ತಿ ಊಟ ತಡವಾಯಿತೆಂದು ಮುನಿಸಿಕೊಳ್ಳುವುದಿಲ್ಲ, ಉಡುಗೊರೆ ಸಾಲದೆಂದು ಮಾರಿ ತಿರುಗಿಸುವುದಿಲ್ಲ. ಇಂಥ ಅಳಿಯ ಲಕ್ಷಕ್ಕೊಬ್ಬ ಎಂದು ನನ್ನ ಅಭಿಪ್ರಾಯ.

ಹೆಣ್ಣು ನರಗುಂದದ್ದು. ಮದುವೆ ಶುಕ್ರವಾರ, ಗೋಧೂಳಿ ಲಗ್ನ. ಆದರೆ ದಾರಿಯ ನಾಕೆಯಲ್ಲಿ ತಪಾಸಣೆಗೆ ನಿಂತ ಸಿಪಾಯಿಗೆ ಮದುಮಗ ಕಾಣಲಿಲ್ಲ, ಕತ್ತಿ ಕಂಡಿತು. ಗಾಡಿ ತಡೆದು, ವರನ ನಡ ಹಿಡಿದು ಎತ್ತಿಕೊಂಡು ಕಚೇರಿಯೊಳಗೆ ನಡೆದ.

ಗಾಡಿಯಿಂದ ಒಬ್ಬ ಎತ್ತರದ ಹೆಂಗಸು ಇಳಿದು ಸೀದಾ ನನ್ನ ಚಾಪೆಗೇ ಬಂದರು. ಮದುಮಗನ ತಾಯಿ. ಕೈಯಲ್ಲಿ ಹರಿದ ಬಾಸಿಂಗ.

"ಇಲ್ಲೆ ಬರಿಯಾಂವ ನೀನ ಏನ ತಮ್ಮಾ?"

"ಹೌದ್ರಿ ಅವ್ವಾರ. ಇಂಗ್ರೇಜಿ ಅರ್ಜಿ ಬರೀತೇನಿ. ಕಚೇರ್ಯಾಗ ಕೊಳಿಯೂ ಮಾತ ಇಲ್ಲ, ಸೀದಾ ಸಾಹೇಬರ ಕೈಗೆ."

"ನನ್ನ ಮದುಮಗನ್ನ ಎತಗೊಂಡು ಹೋಗ್ಯಾರೋ ಯಪ್ಪಾ. ಅರಿಷಿಣ ಹಚಿಗೊಂಡು ಕುಂತಾಂವನ್ನ, ಕಟಗಿ ಹೊತ್ತಂಗ ಹೊತ್ತಗೊಂಡು ಹೋದ್ರು. ಶುಕ್ರಾರ ತಪ್ಪಿತಂದ್ರ ಮುಗೀತು. ಹುಡಿಗಿ ಸೋದರಮಾವ ತನ್ನ ಮಗಗ ಮಾಡಿಕೊಬೇಕಂತ ಬಾಗಲಾಗ ಕುಂತಾನ. ಒಂದ ದಿನಾ ತಡಾ ಆದ್ರ ಅಕ್ಕಿಕಾಳ ಅವನ ಮಗನ ತಲಿ ಮ್ಯಾಲ ಬೀಳತಾವು."

ಅಷ್ಟರಲ್ಲಿ ರಾಯರು ಕಚೇರಿಯ ಕಟ್ಟೆಗೆ ಬಂದು ನಿಂತರು.

"ಅವ್ವಾ, ಕನ್ನಡದಾಗ ನಾಕ ಸಾಲ ಬರಸಿ ನನ್ನ ಕೈಯಾಗ ಕೊಡ್ರಿ. ಇವನ ಇಂಗ್ರೇಜಿ ತಂಟೇಕ ಹೋಗಬ್ಯಾಡ್ರಿ."

ನನಗೆ ರೇಗಿತು. ವಿದ್ಯೆಗೆ ಇಂಥ ಅವಮಾನವೇ?

"ರಾಯರ, ಕನ್ನಡ ಅರ್ಜಿ ನಿಮ್ಮ ದಪ್ತರದಾಗ ತತ್ತಿ ಇಟ್ಟು ಕಾವಿಗೆ ಕೂಡತಾವರಿ. ಶುಕ್ರಾರ ಅಲ್ಲ, ಮುಂದಿನ ದೀವಳಿಗಿಗೆ ಮರಿ ಆಗತಾವು."

"ನಿಂದು ಹುಂಜ ಅದ ತಮ್ಮಾ. ತತ್ತಿನೂ ಇಡೂದಿಲ್ಲ, ಸುಮ್ಮನ ಕೂಡೂದೂ ಇಲ್ಲ, ಬರೇ ಕೂಗತದ," ಎಂದು ರಾಯರು ಒಳಗೆ ಹೋದರು.

ತಾಯಿ ಇಬ್ಬರ ಮಾತನ್ನೂ ತೂಗಿ ನೋಡಿ, ದುರ್ದೈವದಿಂದ ನನ್ನನ್ನು ಆರಿಸಿಕೊಂಡರು. ಅವರ ಎದುರಿಗೆ ಕಚೇರಿಯ ಕಪ್ಪು ಬಾಗಿಲು ಮತ್ತು ನನ್ನ ಬಿಳಿ ಕಾಗದ ಎರಡೇ ಇದ್ದವು. ಕಾಗದ ಹೆಚ್ಚು ಸ್ವಚ್ಛ ಕಂಡಿರಬೇಕು. ಇನ್ನೂ ನಾನು ಬರೆದಿರಲಿಲ್ಲ.

"ಬರಿ. ನನ್ನ ಮಗಾ ಸರಕಾರದ ಕುದರಿ ದಂಡಿನ್ಯಾಗ ಐದಾನ. ಮದುವಿಗೆ ರಜಾ ಕೇಳಿದ, ಗದ್ದಲ ಐತಿ, ಕೊಡೂದಿಲ್ಲ ಅಂದ್ರು. ಅದಕ್ಕ ಕತ್ತಿ ಕಳಿಸೇವಿ."

ಇಲ್ಲಿ ನನಗೆ ಮೊದಲ ತೊಡಕು ಬಂತು. ದಂಡಿನ ರಜಕ್ಕೆ ಇಂಗ್ರೇಜಿಯಲ್ಲಿ ಏನೆನ್ನುತ್ತಾರೆ? ನನಗೆ ಗೊತ್ತಿದ್ದದ್ದು ಸಾಲೆಗೆ ಬಿಡುವ ಸೂಟಿಯ ಹೆಸರು. ಅದನ್ನು ಬರೆದರೆ ಮಗ ದಂಡಿನಲ್ಲಿ ಹಬ್ಬ ಮಾಡುತ್ತ ಕುಳಿತಿದ್ದಾನೆಂದು ಸಾಹೇಬರು ತಿಳಿದಾರು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ನನ್ನ ಮನೆತನದ ರೀತಿಯಲ್ಲ. ಹೀಗಾಗಿ, ಮಗ ಎಲ್ಲಿದ್ದರೆ ಸಾಹೇಬರಿಗೇನು ಎಂದುಕೊಂಡು ಆ ಸಂಗತಿಯನ್ನು ಪೂರ್ತಿ ಕೈಬಿಟ್ಟೆ. ಬಿಟ್ಟ ಜಾಗದಲ್ಲಿ ಸಾಹೇಬರನ್ನು ಸೂರ್ಯನಿಗೂ ಹಿಮಾಲಯಕ್ಕೂ ಹೋಲಿಸಿ ನಾಲ್ಕು ಸಾಲು ತುಂಬಿದೆ. ಕತ್ತಿಗೆ ಮದುವೆ ಇದೆ, ಕತ್ತಿ ಬೇಕು ಎಂದು ಒಂದು ಸಾಲು ಬರೆದೆ.

"ಕಡೀಕ ಇದನ್ನ ಹಾಕು ತಮ್ಮಾ," ಎಂದರು ತಾಯಿ. "ಹೊತ್ತು ಬಂದ್ರ ನಾವೆಲ್ಲಾರೂ ಕತ್ತಿ ಹಿಡಕೊಂಡು ನಿಮ್ಮ ಬಾಗಲಿಗೆ ಬರತೇವಿ. ನಮ್ಮ ಮಾವನಾರು ಈ ಮಾತ ಇಲ್ದ ಒಂದ ಕಾಗದಾ ಬರಸಿದಾವ್ರಲ್ಲ."

ಇದು ಸವಾರರ ಮನೆತನದವರು ತಮ್ಮ ಒಡೆಯರಿಗೆ ತಲೆತಲಾಂತರದಿಂದ ಬರೆಯುತ್ತಿದ್ದ ಮರ್ಯಾದೆಯ ಮಾತು. ನಿಮಗೆ ಕಷ್ಟ ಬಂದರೆ ನಿಮ್ಮ ಪರವಾಗಿ ಕಾದುತ್ತೇವೆ ಎಂದು ಅದರ ಅರ್ಥ. ಬರೆದವರು ಯಾರೂ ಹೋಗುವುದಿಲ್ಲ, ಓದಿದವರು ಯಾರೂ ಕಾಯುವುದಿಲ್ಲ. "ಊಟಕ್ಕೇಳ್ರಿ" ಎಂದ ಹಾಗೆ. ಆದರೆ "ಹೊತ್ತು ಬಂದ್ರ" ಎಂದು ಕಿವಿಗೆ ಬಿದ್ದ ಕೂಡಲೇ ನನ್ನ ಮೈ ಜುಮ್ಮೆಂದಿತು. ಹದಿನಾಲ್ಕು ತಿಂಗಳ ವಿದ್ಯೆ ಕಾಯುತ್ತಿದ್ದ ಘಳಿಗೆ ಇದು! ದಪ್ಪ ಅಕ್ಷರದಲ್ಲಿ ಬರೆದೆ: ಇಫ್ ದ ವರ್ಸ್ಟ್ ಕಮ್ಸ್ ಟು ದ ವರ್ಸ್ಟ್, ನಾವೆಲ್ಲರೂ ಕತ್ತಿಗಳೊಂದಿಗೆ ತಮ್ಮ ಬಾಗಿಲಿಗೆ ಬರುತ್ತೇವೆ. ಕೆಳಗೆ ಎರಡು ಗೆರೆ ಎಳೆದೆ. ಒಂದೇ ಗೆರೆ ಎಳೆದಿದ್ದರೆ ಶಿಕ್ಷೆ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ.

ಓದಿ ತೋರಿಸಿದೆ. ತಾಯಿ ಕಣ್ಣು ಮುಚ್ಚಿ ಕೇಳಿದರು.

"ಏನೂ ತಿಳೀಲಿಲ್ಲ. ಆದ್ರ ಮಂತ್ರಾ ಅಂದಂಗ ಆತು," ಎಂದು ತಾವೇ ಕೈಮುಗಿದರು.

ಸಾಹೇಬರ ಡೇರೆ ಆಗ ಊರ ಹೊರಗೆ ಹುಣಸೆಯ ತೋಪಿನಲ್ಲಿ ಬಿದ್ದಿತ್ತು. ಅರ್ಜಿ ಹಿಡಿದು ನಾನೇ ಹೋದೆ. ಸಾಹೇಬರು ಹರೆಯದವರು, ಬಿಸಿಲಿಗೆ ಕೆಂಪಾಗಿ ಒಲೆಯ ಮೇಲಿನ ತಾಮ್ರದ ಹಂಡೆಯಂತೆ ಕಾಣುತ್ತಿದ್ದರು. ಕನ್ನಡವನ್ನು ಮುನ್ಷಿಯ ಕಡೆಯಿಂದ ಪುಸ್ತಕ ಹಿಡಿದು ಕಲಿತಿದ್ದರು. ಹೀಗಾಗಿ ಕುದುರೆಗೂ ಹುಲ್ಲು ತಿನ್ನುವಂಥವರಾಗಿರಿ ಎನ್ನುತ್ತಿದ್ದರು.

ಅವರು ಅರ್ಜಿಯನ್ನು ಒಮ್ಮೆ ಓದಿದರು. ಮತ್ತೊಮ್ಮೆ ಓದಿದರು. ಮೇಜಿನ ಮೇಲಿದ್ದ ಪಿಸ್ತೂಲನ್ನು ನಾಲ್ಕು ಬೆರಳು ಹತ್ತಿರ ಎಳೆದುಕೊಂಡರು. ನನ್ನ ಅರ್ಜಿ ಗಾಳಿಗೆ ಹಾರಬಾರದೆಂದು ಭಾರ ಇಡುತ್ತಿದ್ದಾರೆ ಎಂದು ನಾನು ತಿಳಿದೆ.

"ಇದನ್ನು ತಾವೇ ಬರೆದಿರುವಿರೋ?"

"ಯೆಸ್ ಸರ್!" ಎಂದೆ. ಎದೆ ಇನ್ನೊಂದು ಗೇಣು ಮುಂದೆ ಬಂದಿರಬೇಕು.

ಆಮೇಲೆ ಅವರು ಇಂಗ್ರೇಜಿಯಲ್ಲಿ ಜೋರಾಗಿ, ಲಗೂಲಗೂ ಕೇಳತೊಡಗಿದರು. ನನಗೆ ತಿಳಿದದ್ದು ಯಾವಾಗ, ಎಲ್ಲಿ, ಎಷ್ಟು ಜನ ಎಂಬುದಷ್ಟೇ. ಮದುವೆಯ ವಿಷಯದಲ್ಲಿ ಇಷ್ಟು ಕಾಳಜಿ ವಹಿಸುವ ಸಾಹೇಬರನ್ನು ಕಂಡು ನನಗೆ ಕಣ್ಣೀರು ಬರುವುದೊಂದು ಬಾಕಿ. ಯಾವಾಗ ಎಂದರೆ ಶುಕ್ರವಾರ ಸಂಜೆ, ದನ ಮನೆಗೆ ಬರುವ ಹೊತ್ತಿಗೆ ಎಂದೆ. ಎಲ್ಲಿ ಎಂದರೆ ನರಗುಂದದಲ್ಲಿ ಎಂದೆ. ಎಷ್ಟು ಜನ ಎಂದರೆ ಇನ್ನೂರು ಎಂದೆ. ಊಟ ಚಲೋ ಇದ್ದರೆ ಮುನ್ನೂರು ಎಂದು ಸೇರಿಸಬೇಕೆಂದಿದ್ದೆ. ಇಂಗ್ರೇಜಿ ಕೈಕೊಟ್ಟು ಬರೇ ಮುನ್ನೂರು ಎಂದೆ.

ಆ ತಿಂಗಳು ಸಾಹೇಬರ ಡೇರೆಯಲ್ಲಿ ನರಗುಂದ ಎಂಬ ಹೆಸರನ್ನು ಎತ್ತಬಾರದಾಗಿತ್ತು. ಅಲ್ಲಿಯ ಗುಡ್ಡದ ಕೋಟೆ, ಅದರ ಮೇಲಿನ ಫಿರಂಗಿಗಳನ್ನು ನೆನೆದು ಸರಕಾರ ಆಗಲೇ ನಿದ್ದೆಯಿಲ್ಲದೆ ಹೊರಳಾಡುತ್ತಿತ್ತು. ಅಂಥದ್ದರಲ್ಲಿ ಮುನ್ನೂರು ಜನ, ಶುಕ್ರವಾರ, ಕತ್ತಿಗಳೊಂದಿಗೆ ಎಂದು ಬೇವಿನ ಮರದ ಪಂಡಿತನೊಬ್ಬ ನಗುನಗುತ್ತ ಹೇಳುತ್ತಿದ್ದಾನೆ. ಇಬ್ಬರು ಸಿಪಾಯಿಗಳು ನನ್ನ ಎರಡೂ ರೆಟ್ಟೆ ಹಿಡಿದರು. ಸನ್ಮಾನಕ್ಕೆ ಇಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ ಎಂದು ಆಗ ತಿಳಿಯಿತು.

ನನ್ನನ್ನು ಹುಣಸೆ ಮರಕ್ಕೆ ಆನಿಸಿ ಕೂಡ್ರಿಸಿ, ನಾಲ್ಕೂ ಗಾಡಿ ಶೋಧಿಸಲು ಕಳಿಸಿದರು. ಶೋಧದಲ್ಲಿ ಸಿಕ್ಕ ಫೌಜು ಇಷ್ಟು: ಹನ್ನೊಂದು ಹೆಂಗಸರು, ಸನಾದಿ ಊದುವವರು ಇಬ್ಬರು, ಐದು ಬುಟ್ಟಿ ಹೋಳಿಗೆ, ಕರಚಿಕಾಯಿ, ಹಾಗೂ ಗಾಡಿಯ ಕೆಳಗೆ ಮಲಗಿದ್ದ ಒಂದು ನಾಯಿ. ಸಿಪಾಯಿಗಳು ನಾಯಿಗೆ ಮಾತ್ರ ಹೆದರಿದರಂತೆ.

ನಡುಹಗಲಿನ ಹೊತ್ತಿಗೆ ತಾಯಿಯನ್ನು ಕರೆತಂದರು. ಮಾತು ತಿಳಿಸಲಿಕ್ಕೆ ರಾಯರೂ ಬಂದರು.  

"ಈ ಮಾತೆಯವರು ಯಾರ ಯಾರ ಕೂಡ ಕತ್ತಿ ಹಿಡಿದು ಬರುವರು, ಕೇಳಿರಿ," ಎಂದರು ಸಾಹೇಬರು.

ರಾಯರು ಕೇಳಿದರು. ತಾಯಿ ನನ್ನ ಕಡೆ, ಸಾಹೇಬರ ಕಡೆ, ಮತ್ತೆ ನನ್ನ ಕಡೆ ನೋಡಿದರು.

"ಅಯ್ಯ, ಅದ ಮರ್ಯಾದಿ ಮಾತರಿ! ನಿಮಗ ವೈರಿಗಳ ಕಾಟಾ ಬಂದ್ರ ನಾವ ಅಡ್ಡ ನಿಲ್ಲತೇವಿ ಅಂತ. ಇದ್ದ ಒಂದ ಕತ್ತಿನೂ ನೀವ ಒಯ್ದೀರಿ. ಇನ್ನ ಏನ ಹಿಡಕೊಂಡು ಬರಲಿ, ಲಟ್ಟಣಿಗೀನ?"

"ವರನು ಎಲ್ಲಿರುವನು? ಕತ್ತಿಯನ್ನು ಏಕೆ ಕಳಿಸಿದಿರಿ?"

"ಎಲ್ಲಿ ಅಂದ್ರ? ನಿಮ್ಮ ಕಡೇನ ಐದಾನಲ್ರಿ! ನಿಮ್ಮ ಕುದರಿ ದಂಡಿನ್ಯಾಗ. ರಜಾ ನೀವ ಕೊಡಲಿಲ್ಲ. ಮಗನ್ನೂ ನೀವ ಇಟಗೊಂಡ್ರಿ, ಅವನ ಬದಲಿ ಹೊಂಟ ಕತ್ತಿನೂ ನೀವ ಇಟಗೊಂಡ್ರಿ. ನರಗುಂದಕ್ಕ ಹೋಗಿ ನಾನ ಬಾಸಿಂಗ ಕಟಗೊಂಡು ಕುಂದ್ರಬೇಕೇನ್ರಿ?"

ಸೊಂಟದ ಚೀಲದಿಂದ ಮಗನ ಕಾಗದ ತೆಗೆದು ಮೇಜಿನ ಮೇಲಿಟ್ಟರು. ದಂಡಿನ ಠಸ್ಸೆ ಒತ್ತಿದ ಕಾಗದ. ಸಾಹೇಬರು ಠಸ್ಸೆಯನ್ನು ಬೆರಳಿನಿಂದ ಸವರಿದರು.  ಆಮೇಲೆ ನನ್ನ ಕಡೆ ತಿರುಗಿದರು.

"ಇದನ್ನು ತಾವು ಏಕೆ ಬರೆಯಲಿಲ್ಲ?"

ಹೇಳಬಹುದಾದ ಸುಳ್ಳುಗಳನ್ನೆಲ್ಲ ಒಮ್ಮೆ ತಿರುವಿಹಾಕಿದೆ. ಒಂದೂ ಆ ಹೊತ್ತಿಗೆ ನಿಲ್ಲುವ ಹಾಗಿರಲಿಲ್ಲ.

"ಜಾಗಾ ಸಾಲಲಿಲ್ರಿ," ಎಂದೆ.

ಸಾಹೇಬರು ನನ್ನ ಅರ್ಜಿಯಲ್ಲಿ ಹಿಮಾಲಯ ಇದ್ದ ಸಾಲುಗಳನ್ನು ನೋಡಿದರು. ಹಿಮಾಲಯಕ್ಕೆ ಜಾಗ ಸಾಕಾಗಿತ್ತು. ಅವರು ಮತ್ತೆ ತಾಯಿಗೆ ಕೇಳಿದರು:

"ಕತ್ತಿಯನ್ನು ನಾನು ಕೊಡದೆ ಹೋದರೆ, ಆಗ ಏನು ಮಾಡುವಿರಿ?"

ತಾಯಿಯ ದನಿ ಮೊದಲ ಬಾರಿ ಇಳಿಯಿತು.

"ಏನ ಮಾಡೂದ್ರಿ... ಭಾಳ ಕೆಟ್ಟದ ಬಂತಂದ್ರ, ಬರೇ ಒರಿ ಒಯ್ತೇನಿ. ಒರಿಗೆ ಹೆಣ್ಣ ಕೊಟ್ರ ಕೊಟ್ರು. ಇಲ್ಲಂದ್ರ ಹೊಳ್ಳಿ ಬರತೇನಿ. ಅಂವ ಅಷ್ಟ ದೂರ ಕುಂತು, ಶುಕ್ರಾರ ತನಗ ಮದುವಿ ಆತು ಅಂತ ತಿಳಕೊಂಡಿರತಾನ. ಅವಗ ಏನಂತ ಕಾಗದಾ ಹಾಕಲಿ, ಅದ ತಿಳೀವಲ್ದು."

ರಾಯರು ಇದನ್ನು ತಿಳಿಸುವ ಮೊದಲೇ ಸಾಹೇಬರಿಗೆ ತಿಳಿದಂತಿತ್ತು. ನನ್ನನ್ನು ಮೇಜಿನ ಹತ್ತಿರ ಕರೆದು, ಹೊಸ ಕಾಗದ ಕೊಟ್ಟು, ಒಂದೊಂದೇ ಶಬ್ದ ಹೇಳಿ ಬರೆಸಿದರು. ನನ್ನ ಮಗ ಸರಕಾರದ ದಂಡಿನಲ್ಲಿದ್ದಾನೆ. ಅವನಿಗೆ ರಜ ಸಿಗಲಿಲ್ಲ. ಅವನ ಬದಲು ಈ ಕತ್ತಿ ಶುಕ್ರವಾರ ನರಗುಂದದಲ್ಲಿ ಇರಬೇಕು. ಕತ್ತಿಯನ್ನು ಬಿಡಬೇಕೆಂದು ಬೇಡುತ್ತೇನೆ. ಇಫ್ ದ ವರ್ಸ್ಟ್ ಕಮ್ಸ್ ಟು ದ ವರ್ಸ್ಟ್, ಬರಿದಾದ ಒರೆಯನ್ನಾದರೂ ಒಯ್ಯುತ್ತೇನೆ.

ಸೂರ್ಯನಿಲ್ಲ, ಹಿಮಾಲಯವಿಲ್ಲ. ಐದು ಸಾಲು.

"ನೋಡಿರಿ," ಎಂದರು ಸಾಹೇಬರು. "ಮೊದಲು ಒಳ್ಳೆಯದನ್ನು ಬೇಡಬೇಕು. ಅದು ಸಿಗದೆ, ಯಾವ ದಾರಿಯೂ ಉಳಿಯದೆ ಹೋದಾಗ ನಾವು ಯಾವುದರಲ್ಲಿ ತೃಪ್ತರಾಗುವೆವೋ, ಅದನ್ನು ಈ ಮಾತಿನ ಮುಂದೆ ಇಡಬೇಕು. ಈ ಮಾತೆಯವರು ಇಂಗ್ರೇಜಿ ಅರಿಯದೆಯೂ ಸರಿಯಾಗಿ ಹೇಳಿದರು. ತಾವು ಇಂಗ್ರೇಜಿ ಅರಿತು ಯುದ್ಧವನ್ನು ಸಾರಿದಿರಿ."

ಆ ಮಾತನ್ನು ನಾನು ಜನ್ಮದಲ್ಲಿ ಸರಿಯಾಗಿ ಬರೆದದ್ದು ಅದೊಂದೇ ಸಲ. ಅದೂ ವಿಚಾರ ಒಬ್ಬರದು, ಶಬ್ದ ಇನ್ನೊಬ್ಬರದು. ಮಸಿ ಮಾತ್ರ ನನ್ನದು. ಮಾಸ್ತರರು ಅರ್ಧ ತಾಸು ಹೇಳಿದ್ದೂ ಇದನ್ನೇ ಇರಬೇಕು. ಕೇಳಗೊಡದ ಆ ಕರಿ ಹೋರಿಗೆ ಏನಂತೀರಿ.

ಹುಕುಮು ಆಯಿತು. ಕತ್ತಿ ಮದುವೆಗೆ ಹೋಗಬಹುದು, ಆದರೆ ಇಬ್ಬರು ಸಿಪಾಯಿಗಳ ಕಾವಲಿನಲ್ಲಿ. ರಾಯರು ಜೊತೆಗೆ ಹೋಗಬೇಕು. ರವಿವಾರ ಹೊತ್ತು ಮುಳುಗುವ ಮೊದಲು ಕತ್ತಿ ತಿರುಗಿ ರೋಣದ ಕಚೇರಿಯಲ್ಲಿರಬೇಕು. ಜಾಮೀನಿಗೆ ನಾನು. ಕತ್ತಿ ಬರದಿದ್ದರೆ ಅದರ ಜಾಗದಲ್ಲಿ ಚೀಟಿ ಕಟ್ಟಿ ನನ್ನನ್ನು ರಾಶಿಗೆ ಹಾಕಬೇಕು. ಕೊನೆಯ ಸಾಲು ಹುಕುಮಿನಲ್ಲಿ ಇರಲಿಲ್ಲ. ರಾಯರು ದಾರಿಯಲ್ಲಿ ಸೇರಿಸಿದರು.

ಹೀಗೆ ನಾನು ಗಾಡಿಯಲ್ಲಿ ಮದುಮಗನ ಪಕ್ಕದಲ್ಲೇ ಕುಳಿತು ನರಗುಂದಕ್ಕೆ ಹೋದೆ. ಅಂಗೈಯಗಲ ಬಿರಿದ ಕರಿ ಎರೆಯ ನೆಲ, ಮೇಲೆ ಬೆಂಕಿಯಂಥ ಬಿಸಿಲು. ಗಾಡಿ ಕುಲುಕಿದಾಗಲೆಲ್ಲ ವರ ಬಂದು ನನ್ನ ಮೊಣಕಾಲಿಗೆ ಹೊಡೆಯುತ್ತಿದ್ದ. ಸಿಪಾಯಿಗಳು ಎರಡೂ ಬದಿಗೆ ನಡೆದು ಬರುತ್ತಿದ್ದರು. ನರಗುಂದದ ಅಗಸಿ ಬಾಗಿಲು ದಾಟಿದ ಕೂಡಲೇ ಕಿರಾಣಿ ಅಂಗಡಿಯವರು ತಕ್ಕಡಿ ಕೆಳಗಿಟ್ಟು ನಿಂತರು.

"ಏನಪಾ ಇದು, ಮದುಮಗನ್ನ ಹಿಡಕೊಂಡು ಬಂದಾರ!"

"ಕತ್ತಿ ಅಲ್ಲೋ, ಅದರ ಬಾಜೂಕ ಕುಂತಾಂವ ಕಳ್ಳ. ಮಾರಿ ನೋಡು."

ಶುಕ್ರವಾರ ಗೋಧೂಳಿಗೆ ಮದುವೆಯಾಯಿತು. ಮಣೆಯ ಮೇಲೆ ಕತ್ತಿ, ಪಕ್ಕದ ಮಣೆಯ ಮೇಲೆ ತಲೆ ತಗ್ಗಿಸಿ ಕುಳಿತ ಹೆಣ್ಣು, ಹಿಂದೆ ಸರಕಾರದ ಇಬ್ಬರು ಸಿಪಾಯಿಗಳು. ಸೆರಗಿನ ತುದಿಯನ್ನು ಕತ್ತಿಯ ಹಿಡಿಗೆ ಗಂಟು ಹಾಕುವಾಗ ಒಬ್ಬ ಸಿಪಾಯಿ ಗಾಬರಿಯಾಗಿ, "ರಾಯರ, ಗಂಟ ಬಿಚ್ಚತಾರ ಹೌದಲ್ರಿ? ರವಿವಾರ ಬರೇ ಕತ್ತಿ ಒಯ್ಯಬೇಕ್ರಿ," ಎಂದು ಕೇಳಿದ. ಸೋದರಮಾವ ಕಂಬಕ್ಕೆ ಒರಗಿ ನಿಂತು, ಕತ್ತಿಗೆ ಏನಾದರೂ ಆಗಲಿ ಎಂದು ಕೊನೆಯ ಅಕ್ಷತೆ ಬೀಳುವವರೆಗೂ ಕಾದ. ಕತ್ತಿಗೆ ಏನಾಗುತ್ತದೆ? ಅಕ್ಷತೆ ಬಿದ್ದ ಮೇಲೆ ತಾಯಿ ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು. ತಿರುಗಿದಾಗ ಮತ್ತೆ ಮೊದಲಿನ ಹೆಂಗಸೇ.

ಊಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ನನ್ನನ್ನು ಸುತ್ತುವರಿದರು. ಸುದ್ದಿ ಅಷ್ಟರಲ್ಲಿ ರೋಣದಿಂದ ನಮಗಿಂತ ಲಗೂ ಬಂದು ಮುಟ್ಟಿತ್ತು.

"ಮದುಮಗಾ ಎಷ್ಟ ಶಾಣ್ಯಾ ನೋಡ್ರಿ, ತುಟಿ ಬಿಚ್ಚಾಂಗಿಲ್ಲ. ಈ ಇಂಗ್ರೇಜಿ ಬೀಗರ ನಾಲಿಗಿಗೆ ಯಾರರ ಒಂದ ಒರಿ ಹೊಲಿಸಿ ಕೊಡ್ರೆವಾ!"

"ಇಂಗ್ರೇಜ್ಯಾಗ ಹೆಸರ ಕಟ್ಟಿ ಒಂದ ಒಡಪ ಹೇಳ್ರಿ ಬೀಗರ!"

ನಾನು ಹೋಳಿಗೆಯನ್ನು ಇಡಿಯಾಗಿ ಬಾಯಿಗೆ ತುಂಬಿಕೊಂಡು ಬಚಾವಾದೆ. ಬಾಯಿ ತುಂಬಿದ್ದಾಗ ನಾನು ಯಾರಿಗೂ ಅಪಾಯ ಮಾಡಿದವನಲ್ಲ.

ರವಿವಾರ ಮಧ್ಯಾಹ್ನ ರೋಣಕ್ಕೆ ಬಂದೆವು. ಕಚೇರಿಯ ಮುಂದೆ ಗಾಡಿ ನಿಲ್ಲಿಸಿ ತಾಯಿ ಕತ್ತಿಯ ಪಟಕಾ ಬಿಚ್ಚಿದರು, ಬಾಸಿಂಗ ಬಿಚ್ಚಿದರು, ಹಿಡಿಯನ್ನು ಕಣ್ಣಿಗೆ ಒತ್ತಿಕೊಂಡು ರಾಯರ ಕೈಗೆ ಕೊಟ್ಟರು. ಬರಿದಾದ ಒರೆಯನ್ನು ಸೊಸೆಯ ತೊಡೆಯ ಮೇಲಿಟ್ಟರು. ಆಮೇಲೆ ನನ್ನ ಹತ್ತಿರ ಬಂದು ಮುತ್ತಲ ಎಲೆಯಲ್ಲಿ ಕಟ್ಟಿದ ಒಂದು ಗಂಟನ್ನು ಕೈಗಿತ್ತರು.

"ನೀ ಇರಲಿಲ್ಲಂದ್ರ ಈ ಮದುವಿ ಆಗತಿರಲಿಲ್ಲೋ ತಮ್ಮಾ. ಹೋಳಿಗಿ ಅದಾವು, ನಾಳೀಗೂ ಆಗತಾವು. ನನ್ನ ಮಗಗ ಕಾಗದಾ ಹಾಕಸತೇನಿ, ನಿನ್ನ ಸುದ್ದಿನೂ ಬರಸತೇನಿ."

ಗಾಡಿಗಳು ಗಜೇಂದ್ರಗಡದ ದಾರಿ ಹಿಡಿದವು. ನಾನು ದೊಡ್ಡ ಮನುಷ್ಯನಾಗಿ ಪಡಸಾಲೆಯ ಕಟ್ಟೆಯ ಮೇಲೆ ಕುಳಿತೆ. ರಾಯರು ಕತ್ತಿಗೆ ಚೀಟಿ ಕಟ್ಟಿ, ಪಟ್ಟಿ ತೆಗೆದು, ಅದರಲ್ಲಿ ಒಂದು ಸಾಲು ಬರೆದು, ಉಸುಕು ಉದುರಿಸಿ ಮಸಿ ಆರಿಸಿದರು. ಕತ್ತಿಯನ್ನು ರಾಶಿಯ ಮೇಲೆ ಒಗೆಯಲಿಲ್ಲ, ಮೆಲ್ಲಗೆ ಗೋಡೆಗೆ ಆನಿಸಿಟ್ಟರು.

"ಯಾವಾಗ ತಿರುಗಿ ಕೊಡತಾರ್ರಿ ಇದನ್ನ?" ಎಂದು ಕೇಳಿದೆ.

"ಪಟ್ಟಿಗೆ ಏರಿದ್ದು ಮುರದು ಕರಗಸೂದ ಅದ. ನಾಕ ತಲಿಮಾರ ಕಂಡ ಕತ್ತಿ." ರಾಯರು ನನ್ನ ಪಕ್ಕದಲ್ಲೇ ಕುಳಿತು ಎಲೆಯಡಿಕೆಯ ಚೀಲ ಬಿಚ್ಚಿದರು. "ಒಂದ ಮಾತ ಕೇಳು. ಮಂಗಳಾರ ಸಿಪಾಯಿ ಇದನ್ನ ತಂದ ಒಗದಾಗ ನಾ ಇದಕ್ಕ ಚೀಟಿ ಕಟ್ಟಿರಲಿಲ್ಲ, ಪಟ್ಟಿಗೆ ಏರಿಸಿರಲಿಲ್ಲ. ಅರಿಷಿಣ ಹಚ್ಚಿದ ಕತ್ತಿಗೆ ಯಾವ ಕೈಲೆ ಚೀಟಿ ಕಟ್ಟಲಿ? ಸಂಜಿ ಮುಂದ ಸಿಪಾಯಿ ಉಣ್ಣಾಕ ಹೋದಾಗ ಆಕಿ ಗಾಡ್ಯಾಗ ಹುಲ್ಲಿನ ಬುಡಕ ಇಟ್ಟು ಕಳಸಾಂವ ಇದ್ದೆ. ಮದುವಿನೂ ಆಗತಿತ್ತು, ಕತ್ತಿನೂ ಗಜೇಂದ್ರಗಡಕ್ಕ ಹೊಳ್ಳಿ ಹೋಗತಿತ್ತು. ಅದಕ್ಕ ಆಕಿಗೆ ನಾಕ ಸಾಲ ಬರಸಿ ನನ್ನ ಕೈಯಾಗ ಕೊಡು ಅಂದೆ, ಒಳಗ ಕರದು ಹೇಳಬೇಕಂತ. ನಿನ್ನ ಅರ್ಜಿ ಡೇರೇಕ ಹೋತು, ಸಾಹೇಬ್ರು ಕತ್ತಿ ಎಲ್ಲೆ ಅದ ಅಂದ್ರು. ಆಮ್ಯಾಲ ನನ್ನ ಕೈಯಾಗ ಏನ ಉಳೀತು?"

 ಗಜೇಂದ್ರಗಡದ ದಾರಿಯಲ್ಲಿ ಗಾಡಿಗಳ ಧೂಳು ಇನ್ನೂ ಕಾಣುತ್ತಿತ್ತು. ನಾನು ಎದ್ದು ನಿಂತೆ. ಓಡಿದ್ದರೆ ಸಿಗುತ್ತಿದ್ದವು. ರಾಯರು ನನ್ನ ಧೋತರದ ಚುಂಗು ಹಿಡಿದು ಜಗ್ಗಿ ಕೂಡ್ರಿಸಿದರು.

"ಕುಂದ್ರು. ಆಕಿಗೆ ಇದನ್ನ ಹೇಳಬ್ಯಾಡ. ಮಗನ ಮದುವಿ ಮಾಡೇನಿ ಅಂತ ಸಂತೋಷದಾಗ ಹೊಂಟಾಳ, ಹೋಗಲಿ. ಮತ್ತ ಆ ಹೋಳಿಗಿ ಒಗದು ಗಿಗದೀ, ಆಕಿ ನಸಿಕಿನ್ಯಾಗ ಎದ್ದು ನಿನಗಂತ ಮಾಡ್ಯಾಳ. ತಿನ್ನು."